ಅಗ್ಗಿಷ್ಟಿಕೆಗೆ ಬಣ್ಣ ಬಳಿಯೋದೋ ಬೇಡವೋ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಾವು ಮನೆ ತಗೊಂಡಾಗ ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಒಂದೊಂದೇ ಕೋಣೆ ತೋರಿಸ್ತಾ ಬಂದೆ. 1930ರ ದಶಕದ ಮನೆ. ಹಾಲ್‌ನಲ್ಲಿ ಇಟ್ಟಿಗೆಯ ದೊಡ್ಡ ಅಗ್ಗಿಷ್ಟಿಕೆ, ಅದರ ಮೇಲೆ ಯಾವ ಕಾಲದಲ್ಲೋ ಬಳಿದ ಕೆನೆ ಬಣ್ಣ, ಅದೂ ಅರ್ಧ ಕಿತ್ತು ಬಂದಿದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, "ಅಷ್ಟು ದುಡ್ಡು ಕೊಟ್ಟಿದೀರ, ಅಲ್ಲಿಗೊಂದು ಗಾರೆ ಮಾಡಿಸಿಲ್ವಲ್ಲೇ ಅವ್ರು?" ಅಂದಳು.

ಅಮ್ಮನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ನಮ್ಮೂರಲ್ಲಿ ಇಟ್ಟಿಗೆ ಕಾಣ್ತಿದೆ ಅಂದ್ರೆ ದುಡ್ಡು ಮುಗಿದು ಕೆಲಸ ನಿಂತಿದೆ ಅಂತಲೇ ಅರ್ಥ. ಇಲ್ಲಿ ಉಲ್ಟಾ. ಬರೀ ಇಟ್ಟಿಗೆ ಕಂಡರೆ ಮನೆಯ ಬೆಲೆ ಏರುತ್ತಂತೆ. ನನ್ನ ಗಂಡನ ವಾದವೂ ಅದೇ: ಬಣ್ಣ ಪೂರ್ತಿ ಕೆರೆದು ತೆಗೆದು "ಒರಿಜಿನಲ್" ಕೆಂಪು ಇಟ್ಟಿಗೆ ಹೊರಗೆ ತರೋಣ. ನನಗೋ ಭಾನುವಾರ ಮಧ್ಯಾಹ್ನ ಎರಡು ಕೋಟ್ ಬಿಳಿ ಹೊಡೆದು ಕೈ ತೊಳೆದುಕೊಂಡರೆ ಸಾಕಿತ್ತು. ಜಗಳ ಮೂರು ವಾರ ನಡೀತು. ಗೆಲ್ಲೋಕೆ ಅಂತಲೇ ನಾನು ಓದೋಕೆ ಕೂತೆ.

ಮೊದಲು ಗೊತ್ತಾಗಿದ್ದು, ಗೋಡೆಗೆ ಒರಗಿದ ಅಗ್ಗಿಷ್ಟಿಕೆ, ಅದರ ಮೇಲೊಂದು ಚಿಮಣಿ ಅನ್ನೋದು ಇಂಗ್ಲೆಂಡಿನ ಸಾಮಾನ್ಯ ಜನರಿಗೂ ಅಷ್ಟೇನೂ ಹಳೇದಲ್ಲ ಅಂತ. (ನಮಗೆ ಚಿಮಣಿ ಅಂದ್ರೆ ಕರೆಂಟ್ ಹೋದಾಗ ಹಚ್ಚೋ ಸೀಮೆಎಣ್ಣೆ ಬುಡ್ಡಿಯೂ ಹೌದು, ಇಲ್ಲಿ ಆ ಅರ್ಥ ಇಲ್ಲ.) ಮಧ್ಯಯುಗದ ಮನೆಗಳಲ್ಲಿ ಬೆಂಕಿ ನಡುಮನೆಯ ನೆಲದ ಮೇಲೇ ಉರೀತಿತ್ತು, ಹೊಗೆ ಚಾವಣಿಯ ಸಂದಿಯಲ್ಲಿ ಹೋಗ್ತಿತ್ತು. 1577ರಲ್ಲಿ ವಿಲಿಯಂ ಹ್ಯಾರಿಸನ್ ಅನ್ನೋ ಪಾದ್ರಿ ಬರೀತಾನೆ: ನಮ್ಮ ಕಾಲದಲ್ಲಿ ಬದಲಾಗಿದ್ದೇನು ಅಂತ ಊರಿನ ಮುದುಕರನ್ನ ಕೇಳಿದರೆ, ಹೊಸದಾಗಿ ಎದ್ದಿರೋ ಚಿಮಣಿಗಳ ಲೆಕ್ಕ ಹೇಳ್ತಾರೆ ಅಂತ. ಅಂದರೆ ಟ್ಯೂಡರ್ ರಾಜರ ಕಾಲ. ಇಟ್ಟಿಗೆಗೆ ದೊಡ್ಡಸ್ತಿಕೆ ಬಂದಿದ್ದೂ ಆಗಲೇ.

ಟ್ಯೂಡರ್ ಇಟ್ಟಿಗೆ ನೋಡಬೇಕು ಅಂದ್ರೆ ಲಂಡನ್ ಪಕ್ಕದ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಹೋಗಬೇಕು. ಎಲ್ಲರೂ ಹೋಗ್ತಾರೆ, ಕೆಂಪು ಗೋಡೆ ಮುಂದೆ ಫೋಟೋ ತೆಗೆಸಿಕೊಳ್ತಾರೆ. ಆ ಗೋಡೆಗಳು ಕಟ್ಟಿದ ಕಾಲಕ್ಕೆ ಬರೀ ಇಟ್ಟಿಗೆ ಆಗಿರಲಿಲ್ಲ. ಬಣ್ಣ ಬಳಿದಿದ್ದರು! ಕೈಯಲ್ಲಿ ತಟ್ಟಿ ಗೂಡಲ್ಲಿ ಸುಟ್ಟ ಇಟ್ಟಿಗೆ ಒಂದು ಕೆಂಪಾದರೆ ಇನ್ನೊಂದು ಕಂದು, ಮತ್ತೊಂದು ಹಳದಿಗೆ ತಿರುಗಿರೋದು. ಅಂಚು ಡೊಂಕು, ಮಧ್ಯದ ಸುಣ್ಣದ ಗಾರೆ ಒಂದೊಂದು ಕಡೆ ಬೆರಳು ದಪ್ಪ. ರಾಜನ ಮನೆಗೆ ಇದು ಸಾಲದು. ಹಾಗಾಗಿ ಇಡೀ ಗೋಡೆಗೆ ಕೆಮ್ಮಣ್ಣಿನ ಬಣ್ಣ ಹಚ್ಚಿ, ಸಂದುಗಳ ಮೇಲೆ ಕುಂಚದಿಂದ ತೆಳ್ಳಗೆ, ನೇರವಾಗಿ ಗೆರೆ ಎಳೀತಿದ್ದರು. ದೂರದಿಂದ ನೋಡಿದರೆ ಪ್ರತಿ ಇಟ್ಟಿಗೆಯೂ ಅಚ್ಚಿನಲ್ಲಿ ತೆಗೆದ ಹಾಗೆ.

ಇದನ್ನ ಓದಿದ ಕೂಡಲೇ ನನಗೆ ಸಾಗರದ ನಮ್ಮಜ್ಜಿ ಮನೆ ನೆನಪಾಯ್ತು. ಹಬ್ಬದ ಹಿಂದಿನ ದಿನ ಅಜ್ಜಿ ಒಲೆಗೆ ಕೆಮ್ಮಣ್ಣು ಸಾರಿಸಿ, ಒಣಗಿದ ಮೇಲೆ ಶೇಡಿಯಲ್ಲಿ ಬಿಳಿ ಎಳೆ ಎಳೀತಿದ್ದಳು. ಎಂಟನೇ ಹೆನ್ರಿಗೂ ನಮ್ಮಜ್ಜಿಗೂ ಸಂಬಂಧ ಇಲ್ಲ, ಬಿಡಿ. ಆದರೆ ಮಣ್ಣು, ಕೆಂಪು, ಮೇಲೊಂದು ಗೆರೆ: ಕೈಗೆ ಸಿಕ್ಕಿದ್ದು ಇಬ್ಬರಿಗೂ ಅದೇ.

ಬಡವರ ಮನೆಯಲ್ಲಿ ಇಷ್ಟು ಸಂಭ್ರಮ ಇರಲಿಲ್ಲ. ಅಗ್ಗಿಷ್ಟಿಕೆಯ ಒಳಗೂ ಸುತ್ತಲೂ ಸುಣ್ಣ ಬಳಿಯೋರು. ಮಸಿ ಮುಚ್ಚುತ್ತೆ, ಹುಳ ಹುಪ್ಪಟೆ ಕಡಿಮೆ ಆಗುತ್ತೆ, ಕತ್ತಲೆ ಕೋಣೆಗೆ ಒಂದಿಷ್ಟು ಬೆಳಕು. ಮುಂದಿನ ವರ್ಷ ಮತ್ತೆ ಬಳಿಯೋದು. ಆಮೇಲಿನ ಶ್ರೀಮಂತರು ಅಮೃತಶಿಲೆ, ಗಾರೆ, ಮರದ ಚೌಕಟ್ಟು ತಂದು ಇಟ್ಟಿಗೆಯನ್ನೇ ಮರೆಮಾಡಿದರು.

ಹಾಗಾದರೆ ಬರೀ ಇಟ್ಟಿಗೆ ಚೆಂದ ಅಂತ ಶುರು ಮಾಡಿದ್ದು ಯಾರು? ಒಬ್ಬರ ಹೆಸರು ಹೇಳೋದು ಕಷ್ಟ, ಆದರೆ ವಿಲಿಯಂ ಮಾರಿಸ್‌ಗೆ ದೊಡ್ಡ ಪಾಲಿದೆ. 1859ರಲ್ಲಿ ಅವನಿಗೋಸ್ಕರ ಫಿಲಿಪ್ ವೆಬ್ ವಿನ್ಯಾಸ ಮಾಡಿದ 'ರೆಡ್ ಹೌಸ್' ಒಳಗೆ ಅಗ್ಗಿಷ್ಟಿಕೆಯ ಇಟ್ಟಿಗೆಯನ್ನ ಮುಚ್ಚದೆ ಹಾಗೇ ಬಿಟ್ಟರು. ಕಾರ್ಖಾನೆ ಸಾಮಾನಿನ ಕಾಲದಲ್ಲಿ ಕೈಕೆಲಸ ಕಾಣಲಿ ಅನ್ನೋ ಹಟ ಅದು. ಆ ಹಟ ಎಪ್ಪತ್ತು ವರ್ಷ ಕಳೆಯೋ ಹೊತ್ತಿಗೆ ಫ್ಯಾಷನ್ ಆಗಿ ಮಧ್ಯಮವರ್ಗಕ್ಕೆ ಇಳೀತು. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್‌ನಲ್ಲಿ ಸುಮಾರು 40 ಲಕ್ಷ ಮನೆ ಕಟ್ಟಿದರು. ಅದರಲ್ಲಿ ಬಹಳಷ್ಟಕ್ಕೆ ಟ್ಯೂಡರ್ ವೇಷ: ಹೊರಗೆ ಕಪ್ಪು ಪಟ್ಟಿ, ಒಳಗೆ ಇಟ್ಟಿಗೆ ಅಗ್ಗಿಷ್ಟಿಕೆ. ನಮ್ಮದೂ ಅದೇ ಜಾತಿ. ಅಂದರೆ ನನ್ನ ಗಂಡ ಹೊರಗೆ ತರಬೇಕು ಅಂತಿರೋ "ಒರಿಜಿನಲ್", ಟ್ಯೂಡರ್ ಕಾಲದ ಬಗ್ಗೆ 1930ರವರು ಕಟ್ಟಿಕೊಂಡ ತಪ್ಪು ಕಲ್ಪನೆ. ಇದನ್ನ ಹೇಳಿದಾಗ ಅವನ ಮುಖ ನೋಡಬೇಕಿತ್ತು.

ನನ್ನ ಖುಷಿ ಬಹಳ ದಿನ ಉಳೀಲಿಲ್ಲ. ಬ್ರಿಟನ್‌ನಲ್ಲಿ 1960ರ ದಶಕದವರೆಗೂ ಮನೆಯ ಬಣ್ಣಕ್ಕೆ ಸೀಸ ಬೆರೆಸೋದು ಮಾಮೂಲಿ, ಸಾಮಾನ್ಯ ಮಾರಾಟ ಪೂರ್ತಿ ನಿಂತಿದ್ದು 1992ರಲ್ಲಿ ಅಂತ ಅದೇ ಓದಿನಲ್ಲಿ ಸಿಕ್ತು. ನಮ್ಮ ಮಗಳಿಗೆ ಆಗ ಹದಿನಾಲ್ಕು ತಿಂಗಳು, ನೆಲದ ಮೇಲೆ ಸಿಕ್ಕಿದ್ದೆಲ್ಲ ಬಾಯಿಗೆ. ಅಂಗಡಿಯಿಂದ ಪರೀಕ್ಷೆಯ ಕಡ್ಡಿ ತಂದು ಬಣ್ಣದ ಕೆಳಗಿನ ಪದರಕ್ಕೆ ಉಜ್ಜಿದರೆ ಅದು ಕೆಂಪಾಯ್ತು. ಮಾರಿದವರೂ ಹೇಳಿರಲಿಲ್ಲ, ದುಡ್ಡು ತಗೊಂಡು ಮನೆ ಪರಿಶೀಲಿಸಿದವರೂ ಬರೆದಿರಲಿಲ್ಲ. ಮಗಳ ರಕ್ತಪರೀಕ್ಷೆಯ ಫಲಿತಾಂಶ ಬರೋವರೆಗೆ ನಾವಿಬ್ಬರೂ ಬಣ್ಣದ ಬಗ್ಗೆ ಒಂದು ಮಾತೂ ಆಡಲಿಲ್ಲ. ತೊಂದರೆ ಏನೂ ಇರಲಿಲ್ಲ.

ಇಂಥ ಬಣ್ಣವನ್ನ ಒಣಗಿದ್ದಾಗ ಉಜ್ಜಬಾರದು, ಬಿಸಿಗಾಳಿ ಹಾಯಿಸಬಾರದು. ಸೀಸ ಧೂಳಾಗಿ, ಹೊಗೆಯಾಗಿ ಮನೆಯೆಲ್ಲ ಹರಡುತ್ತೆ. ತಿಳಿದವರನ್ನ ಕರೆಸಿದೆವು. ಅವರು ಹಿಟ್ಟಿನಂಥ ಲೇಪ ಮೆತ್ತಿ, ಹಸಿಯಾಗೇ ಪದರ ಪದರ ಕಿತ್ತರು. ಕೆಳಗಿನ ಸಾಲಿನ ಇಟ್ಟಿಗೆಗಳು ಮುಟ್ಟಿದರೆ ಪುಡಿ ಉದುರ್ತಿದ್ದವು. ಕಾರಣಕ್ಕೂ ಒಂದು ಇತಿಹಾಸ ಇದೆ. 1952ರ ಡಿಸೆಂಬರ್‌ನಲ್ಲಿ ಲಂಡನ್ ಐದು ದಿನ ಕಲ್ಲಿದ್ದಲ ಹೊಗೆಯಲ್ಲಿ ಮುಳುಗಿ ಸಾವಿರಾರು ಜನ ಸತ್ತ ಮೇಲೆ, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ನಿಧಾನಕ್ಕೆ ಗ್ಯಾಸ್ ಬಂತು, ರೇಡಿಯೇಟರ್ ಬಂತು. ಅಗ್ಗಿಷ್ಟಿಕೆಗೆ ಹಲಗೆ ಬಡಿದರು, ಚಿಮಣಿ ಬಾಯಿ ಮುಚ್ಚಿದರು. ಗಾಳಿ ಆಡದೆ ಒಳಗೆ ತೇವ ಕೂತಿತು. ಇಟ್ಟಿಗೆ ಆ ತೇವವನ್ನ ಕೋಣೆ ಕಡೆಗೆ ಬಿಡಬೇಕು ಅಂದ್ರೆ ಮೇಲೆ ಪ್ಲಾಸ್ಟಿಕ್ಕಿನಂಥ ಪೇಂಟು. ನೀರು ಅಲ್ಲೇ ನಿಂತು, ಉಪ್ಪು ಕಟ್ಟಿ, ಇಟ್ಟಿಗೆಯ ಮುಖವನ್ನೇ ಒಡೀತು. ನಾನು ಭಾನುವಾರ ಮಧ್ಯಾಹ್ನ ಹೊಡೀಬೇಕು ಅಂತಿದ್ದ ಬಿಳಿ ಪೇಂಟೂ ಇದೇ ಕೆಲಸ ಮಾಡ್ತಿತ್ತು.

ಸುಣ್ಣಕ್ಕೆ ಆ ಕಾಟ ಇಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲೇ ಆಗುತ್ತೆ, ಆದರೆ ಸಣ್ಣ ರಂಧ್ರಗಳನ್ನ ಮುಚ್ಚಲ್ಲ. ಪುಡಿಯಾದ ಇಟ್ಟಿಗೆ ಬದಲಾಯಿಸಿ, ಚಿಮಣಿಗೆ ಗಾಳಿಕಂಡಿ ಬಿಡಿಸಿ, ಸುಣ್ಣದ ನೀರಿಗೆ ಕೆಮ್ಮಣ್ಣಿನ ಪುಡಿ ಕಲಸಿ ಹಚ್ಚೋದು ಅಂತ ಒಪ್ಪಂದ ಆಯ್ತು. ಮೊದಲ ಕೋಟ್ ಹಸಿಯಿದ್ದಾಗ ಹೊಲಸು ಹೊಲಸಾಗಿ, ಏನೂ ಬಳಿದೇ ಇಲ್ಲವೇನೋ ಅನ್ನೋ ಹಾಗಿತ್ತು. ಬೆಳಗ್ಗೆ ಎದ್ದು ನೋಡಿದರೆ ತಿಳಿಗೆಂಪು. ಐದು ಕೋಟ್ ಆಗಿದೆ. ಗೆರೆ ಎಳೆಯೋಕೆ ಇನ್ನೂ ಧೈರ್ಯ ಬಂದಿಲ್ಲ. ಅಮ್ಮ ಮುಂದಿನ ಬೇಸಿಗೆಗೆ ಬರ್ತಾಳೆ, ಶೇಡಿ ತರ್ತೀನಿ ಅಂದಿದಾಳೆ.