ಹರಿಹರೇಶ್ವರ ದೇವಾಲಯದ ಶೈಲಿ

ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವೆಡೆಯಲ್ಲಿರುವ ಹರಿಹರಕ್ಕೆ ಕೂಡಲೂರೆಂಬ ಹೆಸರೂ ಉಂಟು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಥನಾದ ಪೋಲಾಳ್ವನು ೧೨೨೪ರಲ್ಲಿ ಇಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಇದರಿಂದ ನಮ್ಮ ಪಠ್ಯಗಳು ಇದನ್ನು ಹೊಯ್ಸಳ ಶೈಲಿಯ ಪಟ್ಟಿಗೆ ಸೇರಿಸುತ್ತವೆ. ಹಳೆಯಬೀಡನ್ನು ಕಂಡು ಬಂದವರು ಇಲ್ಲಿ ಶಿಲ್ಪಸಮೃದ್ಧಿಯಿಲ್ಲವೆಂದು ನಿರಾಶರಾಗುತ್ತಾರೆ. ಕಟ್ಟಿಸಿದವನ ವಂಶವನ್ನೇ ಶೈಲಿಯ ಹೆಸರಾಗಿ ಎಣಿಸಿದುದರ ಫಲವಿದು ಎಂಬುದು ನಮ್ಮ ಅಭಿಪ್ರಾಯ.

ಮೂಲವಿಗ್ರಹದ ಬಲಾರ್ಧ ಶಿವ, ಎಡಾರ್ಧ ವಿಷ್ಣು. ಕೈಗಳ ಆಯುಧಗಳೂ ಅದಕ್ಕನುಗುಣ. ಶೈವ ವೈಷ್ಣವರ ಸಂಧಾನಕ್ಕಾಗಿ ಹೊಯ್ಸಳರು ಕಲ್ಪಿಸಿದ ಮೂರ್ತಿಯಿದೆಂಬ ಮಾತು ಆಗಾಗ ಕೇಳಿಬರುತ್ತದೆ. ಬಾದಾಮಿಯ ಗುಹೆಗಳಲ್ಲಿ ಆರನೆಯ ಶತಮಾನದಷ್ಟು ಹಿಂದೆಯೇ ಹರಿಹರನನ್ನು ಕಡೆದಿರುವಾಗ ಈ ಮಾತು ನಿಲ್ಲಲಾರದು.

ದೇವಾಲಯದ ವೈಶಿಷ್ಟ್ಯವೆಲ್ಲ ಅದರ ತೆರೆದ ಮಂಟಪದಲ್ಲಿದೆ. ಗೋಡೆಯಿಲ್ಲದ ಈ ವಿಶಾಲ ಮಂಟಪದ ಅಂಚು ಹೆಜ್ಜೆಹೆಜ್ಜೆಗೆ ಮುಂಚಾಚಿ ಮಡಿಯುತ್ತದೆ. ಸುತ್ತಲ ಗಿಡ್ಡಗೋಡೆಯ ಮೇಲೆ ನಿಂತ ಅರೆಗಂಬಗಳು ಸೂರಿನ ಅಂಚನ್ನು ಹೊತ್ತಿವೆ. ಒಳಗೆ ತಿರುಗಣೆಯಲ್ಲಿ ಕಡೆದು ಮೆರುಗಿಟ್ಟ ಬಳಪದ ಕಲ್ಲಿನ ಕಂಬಗಳ ಸಾಲು. ಹೊರ ಅಂಕಣಗಳ ಛತ್ತುಗಳಲ್ಲಿ ಕಮಲಗಳಿವೆ. ಮೂರು ಕಡೆಗಳಿಂದ ನುಗ್ಗುವ ಬೆಳಕು ಕಂಬದಿಂದ ಕಂಬಕ್ಕೆ ಕುಂದುತ್ತ ಗರ್ಭಗೃಹದ ಕಡೆ ಸಾಗುವುದನ್ನು ನೋಡಿದವರಿಗೆ, ಇಲ್ಲಿ ಪ್ರತಿಮೆಗಳ ಕೊರತೆ ಕೊರತೆಯೆನಿಸದು. ಹಳೆಯ ಶಿಖರ ಉಳಿದಿಲ್ಲ. ಈಗಿನದು ಇಟ್ಟಿಗೆ ಗಾರೆಯದು, ಮಂಟಪಕ್ಕೆ ಒಪ್ಪುವಂಥದಲ್ಲ.

ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ೧೨೬೮ರಲ್ಲಿ ಈ ದೇವಾಲಯಕ್ಕೆ ಕೆಲವು ಭಾಗಗಳನ್ನು ಸೇರಿಸಿದನು. ಕಾವೇರಿಯ ತೀರದಲ್ಲಿ ಸೋಮನಾಥಪುರದ ತ್ರಿಕೂಟವನ್ನು ಕಟ್ಟಿಸಿದವನೂ ಇವನೇ. ಅಲ್ಲಿ ನಕ್ಷತ್ರಾಕಾರದ ತಳವಿನ್ಯಾಸ, ಗೋಡೆಯುದ್ದಕ್ಕೂ ಮಲ್ಲಿತಮ್ಮನೇ ಮೊದಲಾದವರ ಪ್ರತಿಮೆಗಳು. ಇಲ್ಲಿ ಅದಾವುದೂ ಇಲ್ಲ. ಪೋಷಕನೊಬ್ಬನೇ, ರೀತಿಗಳೆರಡು! ತುಂಗಭದ್ರೆಯ ಕಣಿವೆಯಲ್ಲಿ ಚಾಳುಕ್ಯರ ಕಾಲದಿಂದ ಬೆಳೆದುಬಂದ ಕಲ್ಲುಕುಟಿಗರ ಪರಂಪರೆಯೇ ಇಲ್ಲಿನ ರೂಪವನ್ನು ನಿರ್ಧರಿಸಿತೆಂದು ಇದರಿಂದ ಊಹಿಸುತ್ತೇವೆ. ಕುರುವತ್ತಿಯ ಮಲ್ಲಿಕಾರ್ಜುನ, ದಾವಣಗೆರೆಯ ಆನೆಕೊಂಡದ ಈಶ್ವರ ಈ ಪರಂಪರೆಯವು.

ಆನೆಕೊಂಡದ ಗುಡಿ ಹನ್ನೆರಡನೆಯ ಶತಮಾನದ್ದು. ಅಲ್ಲಿಂದ ಹರಿಹರಕ್ಕೆ ಒಂದೇ ದಿನದಲ್ಲಿ ಹೋಗಿಬರಬಹುದು. ಎರಡು ಕಡೆಯ ಕಂಬಗಳನ್ನೂ ಅಳೆದು, ಪೀಠದಿಂದ ಬೋದಿಗೆಯವರೆಗಿನ ಅಂಗಗಳ ಪ್ರಮಾಣವನ್ನು ವಿದ್ಯಾರ್ಥಿಗಳು ಹೋಲಿಸಿ ನೋಡಿದರೆ ನಮ್ಮ ಊಹೆ ಪರೀಕ್ಷೆಗೊಳಗಾದೀತು. ಹರಿಹರದ ಆವರಣದಲ್ಲಿ ನಿಲ್ಲಿಸಿರುವ ಶಾಸನಗಳನ್ನೂ ವೀರಗಲ್ಲುಗಳನ್ನೂ ಆಗಲೇ ಓದಿಕೊಳ್ಳಬಹುದು.