ಡೀಸೆಲ್ ಲಾರಿಗೆ ಟ್ಯೂನಿಂಗ್ ಚಿಪ್ ಹಾಕಿಸುವ ಮುನ್ನ ಎಚ್ಚರ! ಏನಿದು ಸಾಧನ, ಯಾವ ಗೇಜ್ ಏನು ಹೇಳುತ್ತದೆ? ಇಲ್ಲಿದೆ ಮಾಹಿತಿ

ಕೋಲ್ಕತ್ತಾ: ರಾಸ್‌ಬಿಹಾರಿ ಅವೆನ್ಯೂದಲ್ಲಿರುವ ಲೇಕ್ ಮಾರ್ಕೆಟ್ ಎಂದರೆ ನಗರದ ದಕ್ಷಿಣ ಭಾರತೀಯರಿಗೆ ಊರ ಸಂತೆ ಇದ್ದಂತೆ. ಬಾಳೆ ಎಲೆ, ಹೂವು, ಕಾಫಿಪುಡಿ ಎಲ್ಲವೂ ಇಲ್ಲಿ ಸಿಗುತ್ತವೆ. ಬೆಂಗಳೂರಿನಿಂದ ಇಲ್ಲಿಗೆ ಸರಕು ತರುವ ಲಾರಿ ಸುಮಾರು 1,900 ಕಿ.ಮೀ. ಓಡಬೇಕು. ಇಷ್ಟು ದೂರದ ಬಾಡಿಗೆಯಲ್ಲಿ ಡೀಸೆಲ್ ಖರ್ಚೇ ದೊಡ್ಡದು. 'ಪಿಕಪ್ ಹೆಚ್ಚುತ್ತದೆ, ಮೈಲೇಜ್ ಬರುತ್ತದೆ' ಎಂಬ ಟ್ಯೂನಿಂಗ್ ಚಿಪ್‌ಗಳ ಜಾಹೀರಾತಿಗೆ ಮಾಲೀಕರು ಮನಸೋಲುವುದು ಇದೇ ಕಾರಣಕ್ಕೆ.

ಟ್ಯೂನಿಂಗ್ ಸಾಧನ ಹೇಗೆ ಕೆಲಸ ಮಾಡುತ್ತದೆ?

ಇಂದಿನ ಡೀಸೆಲ್ ಎಂಜಿನ್‌ಗೆ ಎಷ್ಟು ಇಂಧನ, ಯಾವಾಗ ಸಿಂಪಡಿಸಬೇಕು ಎಂಬುದನ್ನು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಟ್ಯೂನಿಂಗ್‌ನಲ್ಲಿ ಮುಖ್ಯವಾಗಿ ಎರಡು ವಿಧ.

* ಟ್ಯೂನಿಂಗ್ ಬಾಕ್ಸ್: ಸೆನ್ಸರ್ ಮತ್ತು ಇಸಿಯು ನಡುವೆ ಕೂರುತ್ತದೆ. ಇಂಧನದ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಸುಳ್ಳು ಸಂಕೇತ ಕಳುಹಿಸುತ್ತದೆ. ಅದನ್ನು ನಂಬಿ ಇಸಿಯು ಒತ್ತಡ ಏರಿಸುತ್ತದೆ, ಹೆಚ್ಚು ಡೀಸೆಲ್ ಒಳಹೋಗುತ್ತದೆ.
* ರೀಮ್ಯಾಪಿಂಗ್: ಇಸಿಯುನಲ್ಲಿರುವ ಸಾಫ್ಟ್‌ವೇರನ್ನೇ ಬದಲಿಸುವುದು.

ಎರಡರಲ್ಲೂ ಶಕ್ತಿ ಹೆಚ್ಚುವುದು ನಿಜ. ಆದರೆ ಹೆಚ್ಚುವರಿ ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗದಿದ್ದರೆ ಕಪ್ಪು ಹೊಗೆ ಮತ್ತು ವಿಪರೀತ ಶಾಖ ಉಂಟಾಗುತ್ತದೆ.

ಯಾವ ಗೇಜ್ ಏನು ಹೇಳುತ್ತದೆ?

* ಇಜಿಟಿ ಗೇಜ್: ಎಂಜಿನ್‌ನಿಂದ ಹೊರಬರುವ ಹೊಗೆಯ ತಾಪಮಾನ ತೋರಿಸುತ್ತದೆ. ಟರ್ಬೊ ಮುಂಚೆ ಅಳೆದಾಗ ಬಹಳ ಹೊತ್ತು 700 ಡಿಗ್ರಿ ಸೆಲ್ಸಿಯಸ್ ಮೀರಿದರೆ ಪಿಸ್ಟನ್, ಟರ್ಬೊಗೆ ಅಪಾಯ. ಘಾಟಿಯಲ್ಲಿ ಲೋಡ್ ಹೊತ್ತು ಏರುವಾಗ ಇದರ ಮೇಲೆ ಕಣ್ಣಿಡಬೇಕು.
* ಬೂಸ್ಟ್ ಗೇಜ್: ಟರ್ಬೊ ತಳ್ಳುವ ಗಾಳಿಯ ಒತ್ತಡ ತೋರಿಸುತ್ತದೆ. ಬೂಸ್ಟ್ ಇಳಿದು ಇಜಿಟಿ ಏರುತ್ತಿದ್ದರೆ ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಪೈಪ್ ಸೋರುತ್ತಿರಬಹುದು.
* ಆಯಿಲ್ ಪ್ರೆಷರ್ ಗೇಜ್: ಮುಳ್ಳು ದಿಢೀರ್ ಕುಸಿದರೆ ತಕ್ಷಣ ಲಾರಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಬೇಕು.
* ಕೂಲಂಟ್ ಗೇಜ್: ಎಂಜಿನ್ ಬಿಸಿ ತೋರಿಸುತ್ತದೆ. ಇಜಿಟಿಗಿಂತ ನಿಧಾನವಾಗಿ ಏರುವುದರಿಂದ ಇದೊಂದನ್ನೇ ನಂಬಿದರೆ ಎಚ್ಚರಿಕೆ ತಡವಾಗಬಹುದು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಾಲಿನ್ಯ ನಿಯಮ ಮೀರಿದರೆ 10,000 ರೂ.ವರೆಗೂ ದಂಡ ಬೀಳಬಹುದು.

ಬಿಎಸ್-6 ಲಾರಿಗಳಲ್ಲಿ ಇನ್ನಷ್ಟು ಜಾಗ್ರತೆ

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಲ್ಲಿದೆ. ಈ ಲಾರಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಹಾಗೂ ಡಿಇಎಫ್ ಎಂಬ ಯೂರಿಯಾ ದ್ರಾವಣದ ವ್ಯವಸ್ಥೆ ಇರುತ್ತದೆ. ಡಿಇಎಫ್ ಖರ್ಚು ಉಳಿಸಲು 'ಎಮ್ಯುಲೇಟರ್' ಹಾಕಿಸಿದರೆ ಇಸಿಯುಗೆ ಎಲ್ಲವೂ ಸರಿಯಿದೆ ಎಂಬ ಸುಳ್ಳು ಸಂಕೇತ ಹೋಗುತ್ತದೆ. ವಿಷಕಾರಿ ನೈಟ್ರೋಜನ್ ಆಕ್ಸೈಡ್ ಮಾತ್ರ ಹಾಗೆಯೇ ಗಾಳಿ ಸೇರುತ್ತದೆ. ಲೇಕ್ ಮಾರ್ಕೆಟ್‌ನಂತಹ ಕಿಕ್ಕಿರಿದ ಬೀದಿಯಲ್ಲಿ ಅದನ್ನು ಉಸಿರಾಡುವವರು ವ್ಯಾಪಾರಿಗಳು, ಗ್ರಾಹಕರು, ಹಮಾಲರು ಮತ್ತು ಸ್ವತಃ ಚಾಲಕರು.

ಹಾಗಾದರೆ ಏನು ಮಾಡಬೇಕು?

ಗೇಜ್ ಅಳೆದು ತೋರಿಸುತ್ತದೆಯೇ ಹೊರತು ಎಂಜಿನ್ ಬದಲಿಸುವುದಿಲ್ಲ. ಆದರೂ ವಾರಂಟಿ ಇದ್ದರೆ ಅಳವಡಿಸುವ ಮುನ್ನ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ವಿಚಾರಿಸಿ. ಚಿಪ್‌ನಿಂದ ಎಂಜಿನ್ ಹಾಳಾದರೆ ವಾರಂಟಿ ಸಿಗದಿರಬಹುದು, ವಿಮೆ ಹಣಕ್ಕೂ ತಕರಾರು ಬರಬಹುದು. ಮೈಲೇಜ್ ಬೇಕಿದ್ದರೆ ಟೈರ್ ಗಾಳಿ, ಏರ್ ಫಿಲ್ಟರ್, ಇಂಜೆಕ್ಟರ್ ಸರಿಯಾಗಿಡಿ. ಓವರ್‌ಲೋಡ್ ಬೇಡ, ಒಂದೇ ಹದದ ವೇಗದಲ್ಲಿ ಓಡಿಸಿ.