ಉಳಿಸಿದ ನೀರು ಎಲ್ಲಿ ಹೋಯ್ತು?

ಹನಿ ನೀರಾವರಿಯ ಕಥೆ ಶುರುವಾಗೋದು ಒಂದು ಸೋರುವ ಪೈಪಿನಿಂದ. 1930ರ ದಶಕದಲ್ಲಿ, ಇಂದಿನ ಇಸ್ರೇಲ್ ಇರುವ ನೆಲದಲ್ಲಿ, ಎಂಜಿನಿಯರ್ ಸಿಮ್ಖಾ ಬ್ಲಾಸ್ ಕಣ್ಣಿಗೆ ಒಂದು ಮರ ಬಿತ್ತು. ಪಕ್ಕದ ಮರಗಳಿಗಿಂತ ಅದೊಂದೇ ಸೊಂಪಾಗಿತ್ತು. ನೋಡಿದರೆ, ಅದರ ಬುಡದಲ್ಲಿ ಪೈಪು ತೊಟ್ಟಿಕ್ಕುತ್ತಿತ್ತು! ಮುಂದೆ ಪ್ಲಾಸ್ಟಿಕ್ ಬಂದಾಗ ಆ ಸೋರಿಕೆಯೇ ತಂತ್ರಜ್ಞಾನವಾಯಿತು. 1965ರಲ್ಲಿ ನೆಟಾಫಿಮ್ ಕಂಪನಿ ಹುಟ್ಟಿತು.

ಆ ತಂತ್ರ ಇವತ್ತು ಕೋಲಾರದ ಟೊಮೆಟೊ ತೋಟಗಳಲ್ಲಿದೆ. ಮಲ್ಚಿಂಗ್ ಶೀಟ್ ಕೆಳಗೆ ಡ್ರಿಪ್ ಪೈಪು, ನೀರು ನೇರ ಬೇರಿಗೆ. ಟೊಮೆಟೊ ಸ್ವಲ್ಪ ಹಟಮಾರಿ ಬೆಳೆ. ಹೂ ಬಿಡುವಾಗ ನೀರು ತಪ್ಪಿದರೆ ಹೂ ಉದುರುತ್ತೆ. ಒಣಗಿಸಿ ಆಮೇಲೆ ಒಮ್ಮೆಲೇ ಸುರಿದರೆ ಹಣ್ಣು ಬಿರಿಯುತ್ತೆ. ಮಾಗುವ ಹೊತ್ತಿಗೆ ತುಸು ಕಡಿಮೆ ಕೊಟ್ಟರೆ ರುಚಿ ಗಟ್ಟಿಯಾಗುತ್ತೆ, ಆದರೆ ತೂಕ ಇಳಿಯುತ್ತೆ. ರೈತನಿಗೆ ದುಡ್ಡು ಬರೋದು ತೂಕಕ್ಕೇ ತಾನೇ? ಹಾಗಾಗಿ ಲೆಕ್ಕ ಹಾಕಿ ನೀರು ಕೊಡೋದರಲ್ಲಿ ಡ್ರಿಪ್‌ಗೆ ಸಾಟಿಯಿಲ್ಲ.

ಹಾಗಿದ್ದರೆ ಕೋಲಾರದ ಅಂತರ್ಜಲ ಯಾಕೆ ಉಳಿಯಲಿಲ್ಲ? ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದು ಯಾಕೆ?

ಉತ್ತರದ ಸುಳಿವು ನನಗೆ ಸಿಕ್ಕಿದ್ದು ಡ್ರಿಪ್ ಕಂಪನಿಗಿಂತ ಸರಿಯಾಗಿ ನೂರು ವರ್ಷ ಹಿಂದೆ. 1865ರಲ್ಲಿ ಇಂಗ್ಲೆಂಡಿನ ವಿಲಿಯಂ ಜೆವನ್ಸ್ ಒಂದು ವಿಚಿತ್ರ ಗಮನಿಸಿದ್ದ: ಸ್ಟೀಮ್ ಎಂಜಿನ್‌ಗಳು ಕಡಿಮೆ ಕಲ್ಲಿದ್ದಲು ತಿನ್ನುವಂತೆ ಸುಧಾರಿಸಿದಷ್ಟೂ ದೇಶದ ಒಟ್ಟು ಕಲ್ಲಿದ್ದಲು ಬಳಕೆ ಹೆಚ್ಚಿತು. ನೀರಿಗೂ ಅದೇ ಕಥೆ. ಒಂದು ಎಕರೆಯಲ್ಲಿ ಉಳಿದ ನೀರು ಭೂಮಿಯೊಳಗೇ ಇರಲ್ಲ, ಇನ್ನೊಂದು ಎಕರೆಗೆ ಹೋಗುತ್ತೆ. ಇದು ರೈತನ ದುರಾಸೆಯಲ್ಲ. ಬೋರ್‌ವೆಲ್ ಸಾಲ ತೀರಬೇಕಲ್ಲ!

ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಶತಮಾನಗಳ ಕಾಲ ಕೆರೆಗಳ ಮೇಲೆ ಬದುಕಿತ್ತು. ಅಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ, ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡೋದು ಅವನ ಕೆಲಸ. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಅರ್ಧ ತುಂಬಿದ ವರ್ಷ ಎಷ್ಟು ಗದ್ದೆ ನಾಟಿ ಅನ್ನೋದು ಊರಿನ ಮಾತಾಗಿತ್ತು. ಆ ವ್ಯವಸ್ಥೆಯಲ್ಲಿ ಜಾತಿ, ಜಮೀನಿನ ಮೇಲುಕೀಳು ಇದ್ದೇ ಇತ್ತು, ಅದನ್ನು ವೈಭವೀಕರಿಸಬೇಕಿಲ್ಲ. ಆದರೆ ಅದಕ್ಕೊಂದು ಮಿತಿ ಇತ್ತು. ಬೋರ್‌ವೆಲ್ ಬಂದಮೇಲೆ ನೀರು ಕಣ್ಮರೆಯಾಯಿತು, ಜೊತೆಗೆ ಮಿತಿಯೂ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ನಾವು ಸ್ನಾನ ಮಾಡಿ ಬಿಟ್ಟ ನೀರು ಅಲ್ಲಿನ ಅಂತರ್ಜಲಕ್ಕೆ ಇಳಿಯುತ್ತಿದೆ. ಅದರ ಗುಣಮಟ್ಟದ ಬಗ್ಗೆ ಜಗಳವೂ ನಡೆದಿದೆ. ಆದರೆ ನೀರು ಎಲ್ಲಿಂದಲೇ ಬರಲಿ, ಪೈಪು ಎಷ್ಟೇ ಜಾಣವಾಗಿರಲಿ, ಈ ವರ್ಷ ಎಷ್ಟು ಎಕರೆ ಅಂತ ಕೇಳುವವರು ಯಾರಾದರೂ ಬೇಕು. ಡ್ರಿಪ್ ಪೈಪಿಗೆ ಆ ಪ್ರಶ್ನೆ ಕೇಳೋಕೆ ಬರಲ್ಲ.